ಎಂಟು ನಿಮಿಷದ ಉಪ್ಪಿಟ್ಟು

ನಮ್ಮ ಮನೆಯಲ್ಲಿ ಯಾರೇ ವಿಮಾನ ಇಳಿದು ಬಂದರೂ ಮೊದಲ ಪ್ರಶ್ನೆ ‘ಪ್ರಯಾಣ ಹೇಗಿತ್ತು’ ಅಂತಲ್ಲ. ‘ಪ್ಲೇನಲ್ಲಿ ಏನು ಕೊಟ್ರು?’ ಅಂತ. ಅಪ್ಪನ ಲೆಕ್ಕದಲ್ಲಿ ಅಷ್ಟೊಂದು ದುಡ್ಡು ಸುರಿದು ಟಿಕೆಟ್ ತಗೊಂಡ ಮೇಲೆ ಒಂದು ಸಿಹಿ, ಒಂದು ಖಾರ, ಕಾಫಿ, ಇಷ್ಟಾದರೂ ಕೊಡಬೇಕು. ‘ಕೊಡಲ್ಲಪ್ಪ, ಮಾರ್ತಾರೆ’ ಅಂದರೆ ಅವರಿಗೆ ನನ್ನ ಮೇಲೇ ಅನುಮಾನ. ಬೇರೆಯವರಿಗೆಲ್ಲ ಕೊಟ್ಟಿದ್ದಾರೆ, ಇವನು ನಿದ್ದೆ ಹೊಡೆದಿದ್ದಾನೆ.

ಹಾಗೆ ನೋಡಿದರೆ ಮಾರುವುದು ಹೊಸದೇನಲ್ಲ. 1919ರ ಅಕ್ಟೋಬರ್‌ನಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟ ವಿಮಾನದಲ್ಲಿ ಮೂರು ಶಿಲ್ಲಿಂಗಿಗೆ ಒಂದರಂತೆ ಊಟದ ಡಬ್ಬಿ ಮಾರಿದರಂತೆ. ವಿಮಾನದ ಊಟದ ಕತೆ ಶುರುವಾಗುವುದೇ ಅಲ್ಲಿಂದ. ಆಮೇಲೆ ಎಷ್ಟೋ ವರ್ಷ ಟಿಕೆಟ್ಟಿನ ಜೊತೆಗೇ ಊಟ ಕೊಟ್ಟು ನಮ್ಮ ಅಭ್ಯಾಸ ಕೆಡಿಸಿದರು. ನಮ್ಮ ಕಡೆ ಅದನ್ನು ತಿದ್ದಿದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟ್ಟ ಎಟಿಆರ್ ವಿಮಾನಗಳನ್ನು ಹುಬ್ಬಳ್ಳಿ, ಮಂಗಳೂರಿಗೆಲ್ಲ ಬಿಟ್ಟರು. ಟಿಕೆಟ್ ಅಗ್ಗ, ತಿಂಡಿಗೆ ಬೇರೆ ದುಡ್ಡು. ಈಗ ಹೆಚ್ಚುಕಮ್ಮಿ ಎಲ್ಲರದೂ ಅದೇ ಪದ್ಧತಿ. ಪುಕ್ಕಟೆ ಸಿಗುವುದು ನೀರು ಮತ್ತು ನಮಸ್ಕಾರ.

ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಗಡಿಯಾರದ ಬಗ್ಗೆ.

ಬೆಂಗಳೂರು–ಹುಬ್ಬಳ್ಳಿ ಒಂದು ಗಂಟೆ ಚಿಲ್ಲರೆ ಅಂತ ಟಿಕೆಟ್ಟಿನಲ್ಲಿ ಇರುತ್ತದೆ. ಅದನ್ನು ನಂಬಿ ಹಸಿದುಕೊಂಡು ಹತ್ತಬೇಡಿ. ಬಾಗಿಲು ಹಾಕಿದ ಮೇಲೆ ವಿಮಾನ ದೇವನಹಳ್ಳಿಯ ಅರ್ಧ ಭಾಗವನ್ನು ಚಕ್ರದ ಮೇಲೇ ಸುತ್ತುತ್ತದೆ. ಹಾರಿ, ಏರಿ, ಸೀಟ್ ಬೆಲ್ಟಿನ ದೀಪ ಆರುವಷ್ಟರಲ್ಲಿ ಇನ್ನೊಂದು ಹತ್ತು ನಿಮಿಷ. ಕೊನೆಯ ಇಪ್ಪತ್ತು ನಿಮಿಷ ಇಳಿಯುವ ತಯಾರಿ, ಆಗ ಟ್ರೇ ಮಡಚಬೇಕು, ಸೀಟು ನೆಟ್ಟಗಿರಬೇಕು. ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಎಪ್ಪತ್ತೆಂಟು ಸೀಟಿಗೆ ಇಬ್ಬರೇ ಗಗನಸಖಿಯರು. ಐವತ್ತು ಸೀಟಿಗೆ ಒಬ್ಬರು ಅನ್ನುವುದು ನಿಯಮ. ಅದು ಮಾಡಿರುವುದು ನಮ್ಮ ಜೀವ ಉಳಿಸಲು, ತಿಂಡಿ ಬಡಿಸಲು ಅಲ್ಲ. ನಾವು ಮಾತ್ರ ಅವರನ್ನು ಕರೆಯುವುದು ‘ಮೇಡಂ, ಬಿಸಿನೀರು’ ಅಂತ.

ಹೀಗಿರುವಾಗ ಈ ಕಂಪನಿಗಳಲ್ಲಿ ಯಾರಿಗೋ ಉಪ್ಪಿಟ್ಟು ಮಾರುವ ಯೋಚನೆ ಬಂದಿದೆ. ಒಂದು ಕಾಗದದ ಲೋಟ. ಒಳಗೆ ಒಣಗಿಸಿದ ರವೆ, ಒಣಗಿದ ಕರಿಬೇವು, ಒಂದೆರಡು ಸಾಸಿವೆ, ಗೋಡಂಬಿ ಇದ್ದರೆ ನಿಮ್ಮ ಪುಣ್ಯ. ಗೆರೆಯವರೆಗೆ ಬಿಸಿನೀರು ಹಾಕಿ, ಮುಚ್ಚಿ, ಎಂಟು ನಿಮಿಷ ಕಾಯಬೇಕು. ನೆಲದ ಮೇಲೆ ಎಂಟು ನಿಮಿಷ ಏನೂ ಅಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅಷ್ಟು ಹೊತ್ತು ಸುಮ್ನೆ ಕೂತಿರುತ್ತೇವೆ. ಆದರೆ ಊಟಕ್ಕೆ ಇಪ್ಪತ್ತೇ ನಿಮಿಷ ಇರುವ ಕಡೆ, ತಳ್ಳುಗಾಡಿ ನಿಮ್ಮ ಸಾಲಿಗೆ ಬರುವುದೇ ಹದಿನೈದನೇ ನಿಮಿಷಕ್ಕೆ ಅಂದರೆ, ಲೆಕ್ಕ ನೀವೇ ಹಾಕಿ.

ಮನೆಯಲ್ಲಿ ಉಪ್ಪಿಟ್ಟು ಅಂದರೆ ‘ಮತ್ತೆ ಕಾಂಕ್ರೀಟಾ’ ಅನ್ನುವವನು ನಾನು. ಆದರೂ ಕಳೆದ ಸಲ ತಗೊಂಡೆ. ಬೆಳಗಿನ ವಿಮಾನ. ಜಯನಗರದಿಂದ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹಿಡಿಯಲು ಹಾಲಿನವನಿಗಿಂತ ಮೊದಲೇ ಎದ್ದಿದ್ದೆ. ನಿಲ್ದಾಣದಲ್ಲಿ ದೋಸೆಯ ಬೆಲೆ ನೋಡಿ ಹಸಿವು ತಾನಾಗಿಯೇ ಹೋಯಿತು. ಹತ್ತು ಸಾವಿರ ಅಡಿ ಮೇಲೆ ಹೋದಾಗ ವಾಪಸ್ ಬಂತು.

ಫೋನ್ ತೆಗೆದು ಸ್ಕ್ಯಾನ್ ಮಾಡಲು ನೋಡಿದೆ. ಮೇಲೆ ಎಲ್ಲಿಯ ನೆಟ್ವರ್ಕು! ಬೆಂಗಳೂರಿನಲ್ಲಿ ಎಳನೀರಿಗೂ ಫೋನೇ ತೋರಿಸುವವರ ಜೇಬಿನಲ್ಲಿ ನೋಟು ಎಲ್ಲಿರುತ್ತದೆ? ನನ್ನ ಪರ್ಸಿನ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಐನೂರರ ನೋಟು ಸಿಕ್ಕಿತು. ಗಗನಸಖಿಯ ಹತ್ತಿರ ಚಿಲ್ಲರೆ ಇರಲಿಲ್ಲ. ರಸೀದಿಯ ಹಿಂದೆ ಬಾಕಿ ಎಷ್ಟು ಅಂತ ಬರೆದು, ಸುತ್ತ ಒಂದು ಗೋಲ ಎಳೆದು, ‘ಇಳಿಯುವಾಗ ಕೊಡ್ತೀನಿ ಸರ್’ ಅಂದಳು. ಥೇಟ್ ಬಿಎಂಟಿಸಿ ಕಂಡಕ್ಟರ್. ಈಶಾನ್ಯದ ಕಡೆಯ ಹುಡುಗಿ, ಕನ್ನಡ ನಾಲ್ಕೈದು ಮಾತು ಬರುತ್ತಿತ್ತು, ಅದರಲ್ಲಿ ಇದೂ ಒಂದು ಅಂದರೆ ಚಿಲ್ಲರೆ ಸಮಸ್ಯೆ ಎಷ್ಟು ಹಳೆಯದು ನೋಡಿ.

ಅದೇ ಹೊತ್ತಿಗೆ ಇನ್ನೊಂದು ಪ್ರಕರಣ ನಡೆಯುತ್ತಿತ್ತು. ಎಟಿಆರ್‌ನಲ್ಲಿ ಹತ್ತುವ ಬಾಗಿಲು ಹಿಂದೆ, ಶೌಚಾಲಯ ಹಿಂದೆ, ತಿಂಡಿಯ ಕೋಣೆಯೂ ಹಿಂದೆ. ನಡುವಿನ ಓಣಿ ತಳ್ಳುಗಾಡಿಯಷ್ಟೇ ಅಗಲ. ಮುಂದಿನ ಸಾಲಿನ ಯಜಮಾನರೊಬ್ಬರು ಅವಸರದ ಕೆಲಸಕ್ಕೆ ಎದ್ದು ಹಿಂದಕ್ಕೆ ಹೊರಟರು. ಎದುರಿಗೆ ಗಾಡಿ. ಗಾಡಿ ಮುಂದೆ ಬಂದ ಹಾಗೆಲ್ಲ ಅವರು ಒಂದೊಂದೇ ಸಾಲು ಹಿಮ್ಮುಖವಾಗಿ ನಡೆದರು. ಸುಮ್ಮನೆ ನಿಂತರೆ ಮುಜುಗರ ಅಲ್ವಾ, ಮೊದಲು ಯಾರಿಗೋ ನೀರಿನ ಲೋಟ ದಾಟಿಸಿದರು. ಆಮೇಲೆ ಯಾರದೋ ಕಾರ್ಡು ಇಸಿದುಕೊಂಡು ಆಕೆಗೆ ಕೊಟ್ಟರು. ನನ್ನ ಸಾಲಿಗೆ ಬರುವಷ್ಟರಲ್ಲಿ ‘ನಿಮಗೆ ಟೀನಾ, ಕಾಫಿನಾ?’ ಅಂತ ಅವರೇ ಕೇಳುತ್ತಿದ್ದರು. ಕನ್ನಡದಲ್ಲಿ ಬೇರೆ! ವಿಮಾನದ ಸೇವೆ ಅಂದರೆ ಹೀಗಿರಬೇಕು ಅನ್ನಿಸಿತು. ಅವರ ಮುಖದಲ್ಲಿ ಮಾತ್ರ ನಗು ಅಷ್ಟಾಗಿ ಇರಲಿಲ್ಲ, ಪಾಪ.

ನನ್ನ ಉಪ್ಪಿಟ್ಟಿಗೆ ಮೂರು ನಿಮಿಷ ಆಗಿತ್ತು. ಕುತೂಹಲಕ್ಕೆ ಮುಚ್ಚಳ ತೆಗೆದು ನೋಡಿದೆ. ಮೇಲೆ ನೀರು, ಕೆಳಗೆ ರವೆ, ನಡುವೆ ತೇಲುವ ಕರಿಬೇವು. ಕಿಟಕಿ ಪಕ್ಕದ ಅಜ್ಜಿ ಬಗ್ಗಿ ನೋಡಿದರು.

‘ಏನದು ತಮ್ಮಾ, ಸಾರೇನು?’

‘ಉಪ್ಪಿಟ್ಟು ಅಜ್ಜಿ.’

‘ಅಯ್ಯ ಶಿವನ! ಎಷ್ಟ ಕೊಟ್ಟಿ?’

ನಿಜ ಹೇಳಲು ಧೈರ್ಯ ಬರಲಿಲ್ಲ. ‘ಐವತ್ತು’ ಅಂದೆ.

‘ಐವತ್ತಕ್ಕ ಇಡೀ ಓಣಿಗೆ ಉಪ್ಪಿಟ್ಟು ಮಾಡ್ತಿದ್ದೆ ನಾ’ ಅಂದು ಅಜ್ಜಿ ಚೀಲದಿಂದ ಡಬ್ಬಿ ತೆಗೆದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಎಣ್ಣೆಗಾಯಿ. ಬಳ್ಳೊಳ್ಳಿ ವಾಸನೆಗೆ ಮೂರು ಸಾಲು ಹಿಂದಿನವರೂ ತಲೆ ಎತ್ತಿದರು. ಖಾರದ ಉಪ್ಪಿನಕಾಯಿಯನ್ನು ಮಾತ್ರ ತಪಾಸಣೆಯಲ್ಲಿ ತೆಗೆಸಿದ್ದರಂತೆ. ಅದು ಕೈಚೀಲದಲ್ಲಿ ಹೋಗುವ ಹಾಗಿಲ್ಲ. ಒಣಕೊಬ್ಬರಿಗೂ ಅಡ್ಡಿ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತೀತು ಅಂತ ಲಗೇಜಿಗೆ ಹಾಕಲು ಬಿಡುವುದಿಲ್ಲ. ತಿಪಟೂರಿನ ನೆಂಟರು ವಿಮಾನದಲ್ಲಿ ಬರಿಗೈಯಲ್ಲಿ ಬಂದರೆ ಜಿಪುಣರು ಅಂದುಕೊಳ್ಳಬೇಡಿ.

ರೊಟ್ಟಿ ಮುರಿದಾಗ ಬಂದ ಸದ್ದು ಆ ಎರಡು ಪ್ರೊಪೆಲ್ಲರ್ ಗದ್ದಲದಲ್ಲೂ ಕೇಳಿಸಿತು. ಒಂದು ತುಂಡು ನನಗೂ ಬಂತು. ಅದರ ರುಚಿಯ ಬಗ್ಗೆ ಬರೆಯುವುದಿಲ್ಲ, ವಿಮರ್ಶೆಗೆ ತಗೊಂಡಿದ್ದು ಕಂಪನಿಯ ತಿಂಡಿ.

ವಿಮಾನದ ತಿಂಡಿ ಸಪ್ಪೆ ಅಂತ ನಾನು ಗೊಣಗಿದಾಗೆಲ್ಲ ಇಂಜಿನಿಯರಿಂಗ್ ಓದುವ ತಂಗಿಯ ಮಗ ವಿಜ್ಞಾನ ಹೇಳುತ್ತಾನೆ. ತಪ್ಪು ತಿಂಡಿಯದಲ್ಲವಂತೆ, ನಮ್ಮ ನಾಲಿಗೆಯದಂತೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ 2010ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ವಿಮಾನದ ಒಂದು ಭಾಗವನ್ನೇ ತಂದಿಟ್ಟು, ಒಳಗೆ ಗಾಳಿಯ ಒತ್ತಡ, ತೇವ ಎರಡೂ ಇಳಿಸಿ, ಜನರನ್ನು ಕೂರಿಸಿ ಊಟ ಕೊಟ್ಟರು. ಉಪ್ಪು, ಸಿಹಿ ಎರಡೂ ಮಂಕಾದವು. ಮೂಗು ಒಣಗಿದರೆ ವಾಸನೆ ಹೋಗುತ್ತದೆ, ವಾಸನೆ ಹೋದರೆ ರುಚಿ ಅರ್ಧ ಹೋದ ಹಾಗೆಯೇ. ಕೆಳಗೆ ಟೊಮೆಟೊ ರಸ ಮುಟ್ಟದವರೂ ಮೇಲೆ ಅದನ್ನೇ ಕೇಳಿ ಕುಡಿಯುತ್ತಾರಲ್ಲ, ಅದಕ್ಕೂ ಇದೇ ಕಾರಣ. ಟೊಮೆಟೊದಲ್ಲಿರುವ ಉಮಾಮಿ ಅನ್ನುವ ರುಚಿ ಎತ್ತರದಲ್ಲೂ ಕೆಡುವುದಿಲ್ಲ.

ಇದನ್ನು ಕೇಳಿದ ಮೇಲೆ ನನಗೆ ಹೊಳೆದದ್ದು ಒಂದೇ: ಹಾಗಾದರೆ ಟೊಮೆಟೊ ಸಾರು ಕೊಡ್ರಪ್ಪ! ಲೋಟದಲ್ಲಿ ಬಿಸಿ ಸಾರು, ಮೇಲೆ ಸ್ವಲ್ಪ ಕೊತ್ತಂಬರಿ. ಎಂಟು ನಿಮಿಷ ಕಾಯಬೇಕಿಲ್ಲ, ಚಮಚ ಬೇಕಿಲ್ಲ, ನಾಲ್ಕು ಗುಟುಕಿಗೆ ಮುಗಿಯಿತು. ಜರ್ಮನ್ನರ ಸಂಶೋಧನೆಯೂ ಸಾರ್ಥಕ.

ಇನ್ನು ಎತ್ತರದ ನೆಪ ನಮ್ಮ ಹುಬ್ಬಳ್ಳಿ ವಿಮಾನಕ್ಕೆ ನಡೆಯುವುದಿಲ್ಲ. ದೊಡ್ಡ ಜೆಟ್ಟುಗಳು 35,000 ಅಡಿಯಲ್ಲಿ ಹಾರುವಾಗ ಒಳಗಿನ ಗಾಳಿ ಹೆಚ್ಚೆಂದರೆ 8,000 ಅಡಿ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಎಟಿಆರ್ ಹೆಚ್ಚೆಂದರೆ 25,000 ಅಡಿಗೆ ಏರುವ ವಿಮಾನ, ಒಂದು ಗಂಟೆಯ ದಾರಿಗೆ ಅಷ್ಟೂ ಏರುವುದಿಲ್ಲ. ಮುಳ್ಳಯ್ಯನಗಿರಿಗೆ ಹೋದವರು ಗಾಳಿ ತೆಳು, ಮಂಡಕ್ಕಿ ಸಪ್ಪೆ ಅಂತ ದೂರಿದ್ದನ್ನು ನಾನಂತೂ ಕೇಳಿಲ್ಲ. ಎರಡೆರಡು ಪೊಟ್ಟಣ ತಿನ್ನುತ್ತಾರೆ. ಗದ್ದಲಕ್ಕೂ ನಾಲಿಗೆ ಮಂಕಾಗುತ್ತದೆ ಅನ್ನುವ ವಾದ ಇದೆ, ಅದನ್ನು ಒಪ್ಪುತ್ತೇನೆ. ರೆಕ್ಕೆಯ ಪಕ್ಕ ಕೂತರೆ ನನ್ನ ಹೆಸರೇ ನನಗೆ ಕೇಳಿಸುವುದಿಲ್ಲ, ಇನ್ನು ಉಪ್ಪು ಎಲ್ಲಿ ಗೊತ್ತಾಗಬೇಕು.

ಗೋಡಂಬಿಯ ವಿಷಯ ಅಂದೆನಲ್ಲ. 1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್ ಪ್ರತಿ ಸಲಾಡಿನಿಂದ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದರು ಅಂತ ಈಗಲೂ ಹೇಳುತ್ತಾರೆ. ನನ್ನ ಲೋಟದಲ್ಲಿ ಚಮಚ ಆಡಿಸಿದಾಗ ಗೋಡಂಬಿಯ ಅರ್ಧ ಹೋಳು ಸಿಕ್ಕಿತು. ನಮ್ಮವರು ಪೂರ್ತಿ ತೆಗೆಯುವಷ್ಟು ಕಲ್ಲು ಮನಸ್ಸಿನವರಲ್ಲ.

ಆರನೇ ನಿಮಿಷಕ್ಕೆ ಸೀಟ್ ಬೆಲ್ಟಿನ ದೀಪ ಹತ್ತಿತು. ಹಾವೇರಿಯ ಮೇಲೆ ಎಲ್ಲೋ ಮೋಡ. ವಿಮಾನ ಒಮ್ಮೆ ಕುಣಿಯಿತು. ನಾನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡರು. ಬಿಸಿ ಪಾನೀಯ ಕೊಡುವುದನ್ನು ನಿಲ್ಲಿಸಿದ್ದೇವೆ ಅಂತ ಘೋಷಣೆ. ಹಿಂದಿನ ಸೀಟಿನವರ ಕಾಫಿ ಆಗಲೇ ಅವರ ಬಿಳಿ ಅಂಗಿಯ ಮೇಲಿತ್ತು, ಘೋಷಣೆ ಕೇಳಿ ಅವರು ‘ಥ್ಯಾಂಕ್ಸ್’ ಅಂದರು.

ಕುಣಿತ ನಿಂತದ್ದೇ ತಡ, ಕೈಗವಸು ಹಾಕಿಕೊಂಡು ಕಸದ ಚೀಲ ಬಂತು. ಈ ಸಣ್ಣ ವಿಮಾನಗಳಲ್ಲಿ ನನಗೆ ಸದಾ ಬೆರಗು ಹುಟ್ಟಿಸುವುದು ಈ ಚೀಲ. ತಿಂಡಿ ಬರುವ ವೇಗಕ್ಕೂ ಚೀಲ ಬರುವ ವೇಗಕ್ಕೂ ಸಂಬಂಧವೇ ಇಲ್ಲ. ಬಾಯಲ್ಲಿ ತುತ್ತು ಇರುವಾಗಲೇ ‘ಕಸ ಇದೆಯಾ ಸರ್?’ ಅನ್ನುತ್ತಾರೆ. ನನ್ನದಿನ್ನೂ ಕಸ ಆಗಿಲ್ಲ ಅಂತ ಹೇಳುವುದು ಹೇಗೆ? ಲೋಟ ತೋರಿಸಿ ‘ಎರಡು ನಿಮಿಷ’ ಅಂದೆ. ಆಕೆ ಗಡಿಯಾರ ನೋಡಿದಳು. ಲ್ಯಾಂಡಿಂಗ್‌ಗೆ ಟ್ರೇ ಮೇಲೆ ಏನೂ ಇರುವ ಹಾಗಿಲ್ಲ. ಒಂದು ಕ್ಷಣ ಯೋಚಿಸಿ, ಲೋಟಕ್ಕೆ ಮುಚ್ಚಳ ಒತ್ತಿ, ಹಿಂದಕ್ಕೆ ಒಯ್ದಳು. ನಾನು ಆಸೆ ಬಿಟ್ಟೆ. ಯಜಮಾನರು ಆ ಹೊತ್ತಿಗೆ ಅಂತೂ ಹಿಂದೆ ತಲುಪಿ, ಹಗುರಾಗಿ ಬರುತ್ತಿದ್ದರು. ನನ್ನನ್ನು ನೋಡಿ ‘ಎಲ್ಲ ಸಿಕ್ತಾ?’ ಅಂತ ವಿಚಾರಿಸಿದರು. ಜವಾಬ್ದಾರಿ ಇನ್ನೂ ಬಿಟ್ಟಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದೆವು. ಎಟಿಆರ್‌ನ ಬಾಗಿಲು ಮಗುಚಿದರೆ ಅದೇ ಮೆಟ್ಟಿಲು, ಪಕ್ಕದಲ್ಲೇ ಗಗನಸಖಿ ಕೈಮುಗಿದು ನಿಂತಿರುತ್ತಾಳೆ. ನನ್ನ ಸರದಿ ಬಂದಾಗ ಮುಗಿದ ಕೈ ಬಿಚ್ಚಿತು. ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದರಲ್ಲಿ ಲೋಟ.

‘ಸರ್, ನಿಮ್ಮ ಉಪ್ಪಿಟ್ಟು.’

ಹಿಂದೆ ನಿಂತವರೆಲ್ಲ ನೋಡುತ್ತಿದ್ದರು. ‘ನಮಗಿಲ್ವಾ?’ ಅಂತ ಒಬ್ಬರು ಕೇಳಿಯೂ ಬಿಟ್ಟರು. ಮೆಟ್ಟಿಲಿಳಿದು ನಡೆಯುತ್ತಲೇ ತಿಂದೆ. ಎಂಟು ನಿಮಿಷ ಎಂದೋ ದಾಟಿ, ರವೆ ಚೆನ್ನಾಗಿ ಅರಳಿತ್ತು. ಉಪ್ಪೂ ಗೊತ್ತಾಯಿತು. ಸ್ವಲ್ಪ ಜಾಸ್ತಿಯೇ ಗೊತ್ತಾಯಿತು, ಮೇಲಿನ ನಾಲಿಗೆಗೆ ಅಂತ ಹಾಕಿದ್ದಲ್ಲವೇ.

ಮಧ್ಯಾಹ್ನ ಕಂಪನಿಯಿಂದ ಮೆಸೇಜು. ನಮ್ಮ ಸೇವೆಗೆ ನಕ್ಷತ್ರ ಕೊಡಿ ಅಂತ. ಆಹಾರ ಬಿಸಿಯಾಗಿತ್ತೇ? ಆಗಿತ್ತು, ಬೆಂಗಳೂರಿನಿಂದ ಹಾವೇರಿಯವರೆಗೂ. ಆಹಾರಕ್ಕೆ ಮೂರು ನಕ್ಷತ್ರ ಒತ್ತಿದೆ. ಅದರಲ್ಲಿ ಒಂದು ಅಜ್ಜಿಯ ರೊಟ್ಟಿಯದು, ಅದನ್ನು ಲೆಕ್ಕದಿಂದ ಕಳೆಯುವುದು ಅವರಿಗೆ ಬಿಟ್ಟದ್ದು. ಆ ಹುಡುಗಿಗೆ ಐದು, ಯೋಚನೆಯೇ ಮಾಡಲಿಲ್ಲ. ಯಜಮಾನರಿಗೆ ಎಷ್ಟು ಕೊಡುವುದು ಅಂತ ಹುಡುಕಿದೆ, ಸಹಪ್ರಯಾಣಿಕರ ಸೇವೆಗೆ ಕಾಲಮ್ಮೇ ಇಲ್ಲ. ‘ಕನ್ನಡ ಮಾತಾಡುವ ಸಿಬ್ಬಂದಿಯೊಬ್ಬರು ಟೀ, ಕಾಫಿ ಕೇಳಿದರು, ತುಂಬಾ ಸಂತೋಷ, ಆದರೆ ಅವರಿಗೆ ಕೆಲಸದ ನಡುವೆ ಸ್ವಲ್ಪ ಬಿಡುವು ಕೊಡಿ’ ಅಂತ ಬರೆದು ಕಳಿಸಿದೆ.