ವಾಷರ್ ಕೇಳಿದ್ರೆ ಗಂಡಸರನ್ನ ಕೇಳ್ತಾನೆ

"ಮನ್ಯಾಗ ಗಂಡಸರು ಯಾರೂ ಇಲ್ಲೇನ್ರೀ ಅಕ್ಕಾ?"

ಇಷ್ಟು ಕೇಳಿ ಹಾರ್ಡ್‌ವೇರ್ ಅಂಗಡಿಯವನು ನನ್ನ ಪಕ್ಕ ನಿಂತಿದ್ದ ಹುಡುಗನ ಕಡೆ ತಿರುಗಿದ. ನನ್ನ ಕೈ ಕೌಂಟರ್ ಮೇಲೆ ಹಾಗೇ ಇತ್ತು. ಅಂಗೈಯಲ್ಲಿ ಹಳೇ ವಾಷರ್, ನೀರು ಸೋರದ ಹಾಗೆ ತಡೆಯೋ ರಬ್ಬರ್ ಉಂಗುರ. ಅದನ್ನ ಕಣ್ಣೆತ್ತಿ ನೋಡ್ಲೂ ಇಲ್ಲ.

ಅಳತೆ ಹೇಳಿದ್ದೆ. 32 ಎಂಎಂ. ವಾಶ್ ಬೇಸಿನ್ ಕೆಳಗೆ ನೀರು ಇಳಿದು ಹೋಗೋ ಬಾಟಲಿಯಂಥ ಭಾಗ ಇರುತ್ತಲ್ಲ, ಬಾಟಲ್ ಟ್ರ್ಯಾಪ್, ಅದರ ನಟ್ ಒಳಗೆ ಕೂರೋದು ಅಂತಾನೂ ಹೇಳಿದ್ದೆ. ಬೋರ್ ನೀರಿನ ಉಪ್ಪು ಕೂತು ಗಟ್ಟಿಯಾಗಿದೆ, ಒಂದು ಕಡೆ ಸೀಳಿದೆ, ನೋಡಿದ್ರೆ ಯಾರಿಗಾದ್ರೂ ತಿಳಿಯುತ್ತೆ. ಆ ಹುಡುಗ ಕೇಳಿದ್ದು ಏನು ಗೊತ್ತಾ? "ನಳಕ್ಕ ಹಾಕೋದು ಏನರ ಕೊಡ್ರಿ ಅಣ್ಣಾ." ಏನರ! ಅವನಿಗೆ ಡಬ್ಬಿ ಡಬ್ಬಿ ತೆಗೆದು ತೋರಿಸಿದ ಪುಣ್ಯಾತ್ಮ. ನನಗೆ ಮಾತ್ರ "ಬಿಡಿ ಬರಂಗಿಲ್ರಿ, ಪೂರಾ ಸೆಟ್ ತಗೋರಿ, ಇಲ್ಲಾಂದ್ರ ಪ್ಲಂಬರ್‌ಗಿ ಕಳಸ್ರಿ."

ಗಂಡಸರು ಇದ್ದಾರಪ್ಪ ಮನೆಯಲ್ಲಿ. ಕಳಿಸಿದ್ರೆ ಕುಕ್ಕರ್ ಗ್ಯಾಸ್ಕೆಟ್ ತರ್ತಾರೆ.

ಪ್ಲಂಬರ್ ಕಥೆ ಬೇರೆ. ನಟ್‌ಗೆ ಬಿಳಿ ಟೇಪ್ ಸುತ್ತಿ ದುಡ್ಡು ತಗೊಂಡು ಹೋದ, ಸಂಜೆಗೆ ಮತ್ತೆ ಸೋರಿತು. ಅಲ್ಲಿ ನೀರು ತಡೆಯೋದು ನಟ್ ತಿರುಗೋ ಥ್ರೆಡ್ ಅಲ್ಲ, ವಾಷರ್. ನಟ್ ಅದನ್ನ ಪೈಪಿಗೆ ಒತ್ತಿ ಹಿಡೀಬೇಕು ಅಷ್ಟೇ. ಇದನ್ನ ಹೇಳಿದ್ದಕ್ಕೆ "ಹಂಗಾದ್ರ ನೀವೇ ಮಾಡ್ಕೋರಿ" ಅಂತ ಮುಖ ಊದಿಸಿಕೊಂಡ. ಮಾಡ್ಕೊಳ್ತೀನಪ್ಪಾ, ವಾಷರ್ ಕೊಡ್ಸು!

ಕೆಳಗೆ ನೆಲಕ್ಕೆ ಹಾಸಿರೋದು ಶಹಾಬಾದ್ ಪರ್ಸಿ ಕಲ್ಲು. ನೀರು ಬಿದ್ದ ಕಡೆಯೆಲ್ಲ ಬೆಳ್ಳಗೆ ಕಲೆ. ಬಾಜು ಮನೆ ಕಾಕಾ ಆಸಿಡ್ ಹಾಕು ಅಂತಾರೆ. ಅದು ಸುಣ್ಣಕಲ್ಲು ಕಾಕಾ, ಆಸಿಡ್ ಬಿದ್ರೆ ನೊರೆ ಬಂದು ಕಲ್ಲೇ ತಿಂದು ಹೋಗುತ್ತೆ. ಯಾರಿಗೆ ಹೇಳೋಣ.

ಹೋಗ್ಲಿ ಬಿಡಿ, ಸೆಟ್ಟೇ ತಗೊಂಡ್ರಾಯ್ತು, ಎಷ್ಟಾಗುತ್ತೆ ಮಹಾ. ಅಲ್ಲ, ಯಾಕೆ ತಗೋಬೇಕು? ಒಂದು ರಬ್ಬರ್ ಉಂಗುರಕ್ಕೆ ಚೆನ್ನಾಗಿರೋ ಟ್ರ್ಯಾಪ್ ಕಿತ್ತು ಬಿಸಾಡ್ಬೇಕಾ? ಇನ್ನು ಆ ಅಂಗಡಿ ಮೆಟ್ಟಿಲು ಹತ್ತಲ್ಲ. ಹತ್ತದೆ ಎಲ್ಲಿ ಹೋಗ್ಲಿ, ಓಣಿಗೆ ಇರೋದೇ ಅದೊಂದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಬೇಸಿನ್ ಕೆಳಗೆ ಅಂಗಾತ ಬಿದ್ದು ಹನಿ ಎಲ್ಲಿಂದ ಇಳಿಯುತ್ತೆ ಅಂತ ನೋಡೋ ಹುಚ್ಚಿ ಇಡೀ ಕಲಬುರಗಿಯಲ್ಲಿ ನಾನೊಬ್ಬಳೇ ಇರಬೇಕು. ಆ ಹರಕು ವಾಷರ್ ಈಗಲೂ ಪರ್ಸಲ್ಲಿದೆ, ದೇವರ ಪ್ರಸಾದದ ಹಾಗೆ ಕಟ್ಟಿಟ್ಟುಕೊಂಡು ತಿರುಗ್ತಿದ್ದೀನಿ.

ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಬಿಡಿ ವಾಷರ್ ಕೊಡೋ ಅಂಗಡಿ ಗೊತ್ತಿದ್ದವರು ಯಾರಾದ್ರೂ ಬಾಯಿ ಬಿಡಿ. ಚಪ್ಪಟೆದು ಬೇಡ, ಒಂದು ಬದಿ ಇಳಿಜಾರಾಗಿ ಇರುತ್ತಲ್ಲ, ಅದು. ರವಿವಾರ ತೆಗೆದಿರುತ್ತಾ ಅಂತಾನೂ ಹೇಳಿ.