ಎಲ್ಲ ಚಿಂದಿಯೂ ಕೌದಿಗೆ ಬರುವುದಿಲ್ಲ

ಹೊಲಿದು ಉಳಿದ ಚೂರುಗಳಿಂದ ಕೌದಿ ಮಾಡುವ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ: "ಒಂದು ಚೂರನ್ನೂ ಎಸೀಬೇಡಿ, ಎಲ್ಲಾ ಕೌದಿಗೆ ಆಗುತ್ತೆ." ನಾನಿದನ್ನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿ ನಾಲ್ಕು ಒಗೆತಕ್ಕೇ ಅಲ್ಲಲ್ಲಿ ಬಾಯಿ ಬಿಡುವುದು ಹೆಚ್ಚಾಗಿ ಈ ಸಲಹೆಯಿಂದಲೇ. ಇನ್ನೂರು ಗಟ್ಟಿ ತುಂಡುಗಳ ನಡುವೆ ಹತ್ತು ಜೀರ್ಣ ತುಂಡುಗಳಿದ್ದರೆ ಆ ಹತ್ತು ಕಡೆ ಮೊದಲು ಹರಿಯುತ್ತದೆ. ಅಲ್ಲಿಂದ ಒಳಗಿನ ಹತ್ತಿ ಹೊರಗೆ ಇಣುಕುತ್ತದೆ, ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗುತ್ತದೆ.

ಹಾಗಾಗಿ ಕತ್ತರಿ ಹಿಡಿಯುವ ಮೊದಲು ಚೂರುಗಳನ್ನು ಹಸನು ಮಾಡಬೇಕು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಜಗ್ಗಿ ನೋಡಿ. ಎಳೆಗಳು ಸರಿದು ಜಾಗ ಬಿಟ್ಟರೆ ಅಥವಾ 'ಪರ್' ಎಂದು ಸದ್ದು ಬಂದರೆ ಅದು ಕೌದಿಗೆ ಬೇಡ. ಬೆಳಕಿಗೆ ಹಿಡಿದರೆ ಸವೆದ ಜಾಗ ತಾನಾಗಿ ಕಾಣುತ್ತದೆ. ಹಳೇ ಅಂಗಿಯಲ್ಲಿ ಬೆನ್ನಿನ ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಮೊಣಕೈ, ಕಂಕುಳು, ಕಾಲರ್ ಪಟ್ಟಿ ಮುಟ್ಟಲೇಬೇಡಿ.

ಮುಂದಿನದು ಬಟ್ಟೆಯ ಜಾತಿ. ಕಾಟನ್ ಜೊತೆ ಕಾಟನ್, ಅದೂ ಹೆಚ್ಚುಕಡಿಮೆ ಒಂದೇ ದಪ್ಪದ್ದು. ಪಾಲಿಯೆಸ್ಟರ್ ಬೆರೆತಿದೆಯೋ ಎಂಬ ಅನುಮಾನವಿದ್ದರೆ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ತೊಂದರೆ ಯಾಕೆಂದರೆ, ಕಾಟನ್‌ಗೆ ಬೇಕಾದ ಇಸ್ತ್ರಿಯ ಬಿಸಿಗೆ ಪಾಲಿಯೆಸ್ಟರ್ ಮುದುಡುತ್ತದೆ. ಒಗೆದಾಗ ಕಾಟನ್ ಕುಗ್ಗಿ ಪಾಲಿಯೆಸ್ಟರ್ ಹಾಗೇ ಉಳಿದು ಸುಕ್ಕು ಕೂರುತ್ತದೆ. ಜೀನ್ಸ್ ತುಂಡುಗಳಿದ್ದರೆ ಕೂಡಿಡಿ, ಅವಕ್ಕೇ ಬೇರೆ ಕೌದಿ ಮಾಡಬಹುದು. ಎಳೆದರೆ ಹಿಗ್ಗುವ ಟೀ ಶರ್ಟ್ ಬಟ್ಟೆಗೆ ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ತೆಳು ಹಾಸು) ಅಂಟಿಸದೆ ಕೈಹಾಕಬೇಡಿ.

ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಕಡುಗೆಂಪು, ಕಡುನೀಲಿ, ಕಪ್ಪು ಚೂರುಗಳಿಗೆ ಈ ಪರೀಕ್ಷೆ ಬಿಡಲೇಕೂಡದು. ಪೂರ್ತಿ ಕೌದಿಯಾದ ಮೇಲೆ ಒಂದು ಕೆಂಪು ತುಂಡು ಬಣ್ಣ ಬಿಟ್ಟರೆ ಆಗುವ ಸಂಕಟ ದೊಡ್ಡದು. ಅಂಥ ಹೊತ್ತಿನಲ್ಲಿ ಕೌದಿಯನ್ನು ಒಣಗಲು ಬಿಡದೆ, ಧಾರಾಳ ನೀರು ಮತ್ತು ಸೋಪಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಲೇ ಇರಬೇಕು. ಒಣಗಿ ಇಸ್ತ್ರಿ ಬಿದ್ದರೆ ಕಲೆ ಕೂತೇಬಿಡುತ್ತದೆ.

ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ನೂರು ಸೆಂಟಿಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಹೋಗುವುದು ಅಪರೂಪವಲ್ಲ. ಹಳೇದರ ಜೊತೆ ಹೊಸದನ್ನು ಸೇರಿಸುವುದಾದರೆ ಹೊಸದನ್ನು ಮೊದಲೇ ನೆನೆಸಿ. ಚೂರುಗಳನ್ನು ಹಾಗೇ ಮಷೀನಿಗೆ ಹಾಕಿದರೆ ಅಂಚಿನ ಎಳೆ ಬಿಚ್ಚಿ ಗಂಟುಗಂಟಾಗುತ್ತವೆ. ಬೋಗುಣಿಯಲ್ಲಿ ಬೆಚ್ಚಗಿನ ನೀರಿಗೆ ಅರ್ಧ ಗಂಟೆ ಹಾಕಿ, ಹಿಂಡದೆ ಟವೆಲ್ ಮೇಲೆ ಹರಡಿ, ಇಸ್ತ್ರಿ ಮಾಡಿ, ಆಮೇಲೆ ಅಳೆಯಿರಿ.

ಈಗ ಅಳತೆ. ಚೂರು ಚಿಕ್ಕದಾದಷ್ಟೂ ಉಳಿತಾಯ ಎಂಬುದು ತಪ್ಪು ಲೆಕ್ಕ. ಪ್ರತಿ ಬದಿಗೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. 5 ಇಂಚಿನ ಚೌಕ ಹೊಲಿದಾಗ 4.5 ಇಂಚು ಕಾಣುತ್ತದೆ, ಅಂದರೆ ಬಟ್ಟೆಯ ಶೇಕಡಾ 19ರಷ್ಟು ಒಳಗೆ ಸೇರುತ್ತದೆ. 3 ಇಂಚಿನದಾದರೆ ಶೇಕಡಾ 31, 2 ಇಂಚಿನದಾದರೆ ಶೇಕಡಾ 44! ಹಿಂಭಾಗ ತುಂಬ ಹೊಲಿಗೆಯ ಮಡಿಕೆಗಳೇ ಆಗಿ ಕೌದಿ ಹಲಗೆಯಂತೆ ಬಿರುಸಾಗುತ್ತದೆ, ಸೂಜಿ ಇಳಿಯುವುದಿಲ್ಲ. ಮೊದಲ ಕೌದಿಗೆ 5 ಇಂಚಿನ ಚೌಕ ಸಾಕು. ಅಡ್ಡಕ್ಕೆ 14, ಉದ್ದಕ್ಕೆ 20, ಒಟ್ಟು 280 ತುಂಡು ಕೂಡಿಸಿದರೆ 63 x 90 ಇಂಚು, ಒಬ್ಬರು ಕಾಲು ಚಾಚಿ ಹೊದೆಯುವಷ್ಟು. ತೂಕ ನೋಡಿ ಅಂದಾಜು ಮಾಡಬೇಡಿ, ತುಂಡು ಎಣಿಸಿ. ಚೌಕಕ್ಕೆ ಸಾಲದ ಸಣಕಲು ಪಟ್ಟಿಗಳನ್ನು ತೆಳು ಹಳೇ ಬೆಡ್‌ಶೀಟಿನ ಚೌಕದ ಮೇಲೆ ಒಂದರ ಪಕ್ಕ ಒಂದು ಹೊಲಿದು, ಕೊನೆಗೆ 5 ಇಂಚಿಗೆ ಕತ್ತರಿಸಿದರೆ ಅವೂ ಕೆಲಸಕ್ಕೆ ಬರುತ್ತವೆ.

ಕತ್ತರಿಸುವಾಗ ಚೌಕದ ಬದಿ ಬಟ್ಟೆಯ ಹಾಸು-ಹೊಕ್ಕಿಗೆ ನೇರ ಇರಲಿ. ದರ್ಜಿಗಳ ಬಳಿ ಉಳಿಯುವ ಚೂರುಗಳು ಕಂಕುಳ ಸುತ್ತಿನವು, ಕತ್ತಿನವು. ಅವುಗಳ ಬದಿ ಹೆಚ್ಚಾಗಿ ಕ್ರಾಸ್, ಅಂದರೆ ಎಳೆಗೆ ಓರೆ, ಆಗಿರುತ್ತದೆ. ಕ್ರಾಸ್ ಬದಿ ಹೊಲಿಯುವಾಗಲೇ ಹಿಗ್ಗಿ ಅಲೆಅಲೆಯಾಗುತ್ತದೆ. ಎಳೆ ನೋಡಿ ತಿರುಗಿಸಿ ಕತ್ತರಿಸಿದರೆ ತುಂಡು ಚಿಕ್ಕದಾಗಬಹುದು, ಆದರೆ ನೇರ ಇರುತ್ತದೆ.

ಇಡೀ ಕೆಲಸದಲ್ಲಿ ಹಟ ಹಿಡಿಯಬೇಕಾದದ್ದು ಆ ಕಾಲು ಇಂಚಿಗೆ. ಪ್ರತಿ ಬದಿಯಲ್ಲೂ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಹೋದರೆ, 14 ತುಂಡಿನ ಸಾಲು ಒಂದೂವರೆ ಇಂಚಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಆ ಸಾಲು ಮುಂದಿನ ಸಾಲಿಗೆ ಕೂಡುವುದಿಲ್ಲ, ಎಳೆದು ಕೂಡಿಸಿದರೆ ಮಧ್ಯೆ ಉಬ್ಬುತ್ತದೆ. ಮೊದಲು ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಹೊಲಿದು ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ ಒಂದೆರಡು ಎಳೆಯಷ್ಟು ಅಂಚಿನ ಕಡೆಗೆ ಹೊಲಿಯಿರಿ, ಮಡಿಕೆಯೂ ಸ್ವಲ್ಪ ಬಟ್ಟೆ ತಿನ್ನುತ್ತದಲ್ಲ. ಅಳತೆ ಕೂತ ಮೇಲೆ ಮಷೀನಿನ ತಟ್ಟೆಗೆ ಟೇಪಿನ ಗುರುತು ಅಂಟಿಸಿಡಿ. 80/12 ನಂಬರಿನ ಸೂಜಿ, 2ರಿಂದ 2.5 ಮಿಲಿಮೀಟರ್ ಹೊಲಿಗೆ, ಕಾಟನ್ ದಾರ.

ಇಸ್ತ್ರಿಯನ್ನು ಒತ್ತಿ ಎತ್ತಿ, ಎಳೆದಾಡಬೇಡಿ. ಒಂದು ಸಾಲಿನ ಮಡಿಕೆಗಳೆಲ್ಲ ಬಲಕ್ಕೆ ಮಲಗಿದರೆ ಮುಂದಿನ ಸಾಲಿನವು ಎಡಕ್ಕೆ. ಹೀಗೆ ಮಾಡಿದರೆ ಎರಡು ಸಾಲು ಎದುರುಬದುರು ಇಟ್ಟಾಗ ಮಡಿಕೆಗೆ ಮಡಿಕೆ ತಾಗಿ ಮೂಲೆಗಳು ತಾವೇ ಕೂಡುತ್ತವೆ.

ಬಣ್ಣದ ಬಗ್ಗೆ ಒಂದೇ ಮಾತು. ಚೌಕಗಳನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಕಡು ತುಂಡುಗಳು ಒಂದೇ ಕಡೆ ಗುಂಪುಗೂಡಿದ್ದರೆ ಕಾಣುತ್ತದೆ, ಚದುರಿಸಿ. ತಿಳಿ-ಕಡು ಹಂಚಿಕೆ ಸರಿಯಿದ್ದರೆ ಯಾವ ಬಣ್ಣದ ಪಕ್ಕ ಯಾವುದೂ ನಡೆಯುತ್ತದೆ.

ಅಡಿಯ ಬಟ್ಟೆ ಮೇಲಿನದಕ್ಕಿಂತ ನಾಲ್ಕೂ ಕಡೆ 3 ಇಂಚು ದೊಡ್ಡದಿರಲಿ. ಅದನ್ನು ಒಳಮೈ ಮೇಲೆ ಬರುವಂತೆ ನೆಲಕ್ಕೆ ಹಾಸಿ, ಸುಕ್ಕಿಲ್ಲದಂತೆ ಟೇಪಿನಿಂದ ಅಂಟಿಸಿ. ಬಿಗಿ ಸಾಕು, ಎಳೆದು ಹಿಗ್ಗಿಸಬೇಡಿ. ಟೇಪು ಕಿತ್ತೊಡನೆ ಅದು ಕುಗ್ಗಿ ಹಿಂಭಾಗವೆಲ್ಲ ನಿರಿಗೆಯಾಗುತ್ತದೆ. ಅದರ ಮೇಲೆ ಹತ್ತಿಯ ಹಾಸು ಅಥವಾ ಹಳೇ ಕಾಟನ್ ಹೊದಿಕೆ, ಅದರ ಮೇಲೆ ಹೊಲಿದ ಚೌಕಗಳು. ನಡುವಿನಿಂದ ಹೊರಕ್ಕೆ, ಒಂದು ಮುಷ್ಟಿಗೊಂದರಂತೆ ಸೇಫ್ಟಿ ಪಿನ್ ಚುಚ್ಚಿ, ಅಥವಾ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಈ ಹಂತದಲ್ಲಿ ಉಳಿಸಿದ ಅರ್ಧ ಗಂಟೆಗೆ ಮುಂದೆ ಎರಡು ದಿನ ಹೊಲಿಗೆ ಬಿಚ್ಚುವ ಕೆಲಸ ಬೀಳುತ್ತದೆ.

ಮೂರೂ ಪದರ ಹಿಡಿಯುವ ಹೊಲಿಗೆಯೂ ನಡುವಿನಿಂದಲೇ ಶುರುವಾಗಲಿ. ಮಷೀನಾದರೆ 90/14 ಸೂಜಿ, 3 ಮಿಲಿಮೀಟರ್ ಹೊಲಿಗೆ, ಸಾಧ್ಯವಿದ್ದರೆ ವಾಕಿಂಗ್ ಫುಟ್, ಅಂದರೆ ಮೇಲಿನ ಪದರವನ್ನೂ ಅಡಿಯದರ ಜೊತೆಗೇ ಸಾಗಿಸುವ, ಬಟ್ಟೆ ಒತ್ತಿ ಹಿಡಿಯುವ ಪಾದ. ಸಾಮಾನ್ಯ ಫುಟ್ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ. ಬಿಡಿ ಹತ್ತಿ ತುಂಬಿದ್ದರೆ ಸಾಲಿನ ನಡುವೆ 2 ಇಂಚಿಗಿಂತ ಹೆಚ್ಚು ಜಾಗ ಬಿಡಬೇಡಿ, ಒಗೆದಾಗ ಹತ್ತಿ ಉಂಡೆಯಾಗುತ್ತದೆ.

ಅಂಚಿಗೆ ಎರಡೂವರೆ ಇಂಚಿನ ಪಟ್ಟಿಯನ್ನು ಎರಡು ಮಡಿಸಿ ಹಾಕುವುದು ಒಳ್ಳೆಯದು, ಕೌದಿ ಮೊದಲು ಸವೆಯುವುದು ಅಂಚಿನಲ್ಲೇ. ಸುತ್ತಳತೆ 306 ಇಂಚು, ಕೂಡಿಸಲು 12 ಇಂಚು ಹೆಚ್ಚು. ಚೂರುಗಳನ್ನೇ ಸೇರಿಸಿ ಪಟ್ಟಿ ಮಾಡುವುದಾದರೆ ಓರೆಯಾಗಿ ಜೋಡಿಸಿ, ನೇರ ಜೋಡಿಸಿದರೆ ಮಡಿಕೆಗಳು ಒಂದೇ ಕಡೆ ಗುಪ್ಪೆಯಾಗುತ್ತವೆ. ಮೂಲೆ ಬಂದಾಗ ಕಾಲು ಇಂಚು ಮೊದಲೇ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಿಸಿ, ಮತ್ತೆ ಕೆಳಕ್ಕೆ ತಂದು ಮುಂದುವರಿಸಿ.

ಇಷ್ಟಾದರೂ ವರ್ಷಗಳ ಮೇಲೆ ಯಾವುದೋ ಒಂದು ತುಂಡು ಹರಿದೇ ಹರಿಯುತ್ತದೆ. ಬಿಚ್ಚಲು ಹೋಗಬೇಡಿ. 5 ಇಂಚಿನ ಬೇರೆ ಚೌಕ ತೆಗೆದುಕೊಂಡು, ಸುತ್ತ ಕಾಲು ಇಂಚು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ, ಹರಿದದ್ದರ ಮೇಲೆ ಇಟ್ಟು ಕೈಯಲ್ಲಿ ಸಣ್ಣ ಹೊಲಿಗೆ ಹಾಕಿ, ಹಳೇ ಸಾಲುಗಳ ಜಾಡಿನಲ್ಲೇ ಮೂರೂ ಪದರ ಸೇರಿಸಿ ಹೊಲಿಯಿರಿ. ಅದಕ್ಕೆಂದೇ ಗಟ್ಟಿ ಚೌಕಗಳಲ್ಲಿ ಐದಾರನ್ನು ಮೊದಲೇ ತೆಗೆದಿಟ್ಟಿರಿ.