ಲಂಡನ್ನಿನ ಬೇಸಿಗೆ: ಸಾಲಿನಲ್ಲಿ ನಿಲ್ಲುವವರಿಗೆ ಬಾಗಿಲು ತೆರೆದೇ ಇದೆ

ಈ ಬೇಸಿಗೆಗೆ ಮಗಳ ಮನೆಗೋ ಮಗನ ಮನೆಗೋ ಅಂತ ಲಂಡನ್ನಿಗೆ ಹೊರಟಿರುವ ಅಪ್ಪ-ಅಮ್ಮಂದಿರು, ಅಲ್ಲೇ ಓದುತ್ತಿರುವ ಹುಡುಗ-ಹುಡುಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಂಬಲ್ಡನ್ ಟೆನಿಸ್ ಅಂದರೆ ಲಕ್ಷಗಟ್ಟಲೆ ಖರ್ಚು, ರಾಯಲ್ ಆಲ್ಬರ್ಟ್ ಹಾಲಿನ ಸಂಗೀತ ಅಂದರೆ ಕೋಟು-ಟೈನವರ ಜಾಗ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಏಜೆಂಟರ ಪ್ಯಾಕೇಜ್‌ಗಳು ಮಾರಾಟವಾಗುವುದೇ ಈ ನಂಬಿಕೆಯ ಮೇಲೆ. ನನಗೆ ಇದು ತುಂಬಾ ಬೇಸರದ ಸಂಗತಿ. ಯಾಕೆಂದರೆ ಆ ಊರಿನ ದೊಡ್ಡ ದೊಡ್ಡ ಕಾರ್ಯಕ್ರಮಗಳಲ್ಲಿ ಹಲವು ಅವತ್ತೇ ಬಂದು ನಿಲ್ಲುವವರಿಗೆ ಅಂತಲೇ ಒಂದು ಪಾಲು ಎತ್ತಿಡುತ್ತವೆ.

ಮೊದಲು ವಿಂಬಲ್ಡನ್. ಈ ವರ್ಷ, ಅಂದರೆ 2026ರಲ್ಲಿ, ಜೂನ್ 29ರಿಂದ ಜುಲೈ 12ರವರೆಗೆ. ಟಿಕೆಟ್ ಹಂಚುವ ಲಾಟರಿಯ ಅರ್ಜಿ ಹಿಂದಿನ ವರ್ಷದ ಚಳಿಗಾಲಕ್ಕೆ ಮೊದಲೇ ಮುಗಿದುಹೋಗಿರುತ್ತದೆ. ಉಳಿಯುವುದು 'ದಿ ಕ್ಯೂ', ಅಂದರೆ ಅವತ್ತಿನ ಟಿಕೆಟ್ಟಿಗೆ ನಿಲ್ಲುವ ಸಾಲು. ಮೈದಾನದ ಎದುರಿನ ವಿಂಬಲ್ಡನ್ ಪಾರ್ಕ್‌ನ ಹುಲ್ಲಿನ ಮೇಲೆ ಈ ಸಾಲು ಕೂರುತ್ತದೆ. ಸೆಂಟರ್ ಕೋರ್ಟ್, 1ನೇ ಕೋರ್ಟ್, 2ನೇ ಕೋರ್ಟ್ ಒಂದೊಂದಕ್ಕೂ ದಿನಕ್ಕೆ ಸುಮಾರು 500 ಟಿಕೆಟ್ ಇಲ್ಲಿ ಸಿಗುತ್ತವೆ. ಸೆಂಟರ್ ಕೋರ್ಟಿಗೆ ಮಾತ್ರ ಕೊನೆಯ ನಾಲ್ಕು ದಿನ ಇಲ್ಲ. ಅದರ ಜೊತೆಗೆ ಸಾವಿರಗಟ್ಟಲೆ ಗ್ರೌಂಡ್ಸ್ ಪಾಸ್, ಅಂದರೆ ಮೈದಾನದೊಳಗೆ ಹೋಗಿ ಸಣ್ಣ ಕೋರ್ಟ್‌ಗಳ ಆಟ ನೋಡುವ ಟಿಕೆಟ್. 2025ರಲ್ಲಿ ಮೊದಲ ವಾರದ ಪಾಸ್‌ಗೆ 30 ಪೌಂಡ್ ಇತ್ತು, ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿ ಆಸುಪಾಸು.

ಜನ ಮಾಡುವ ಮೊದಲ ತಪ್ಪು ವಿಂಬಲ್ಡನ್ ಅನ್ನುವ ಹೆಸರು ನೋಡಿ ವಿಂಬಲ್ಡನ್ ಸ್ಟೇಷನ್ನಿನಲ್ಲಿ ಇಳಿಯುವುದು. ಇಳಿಯಬೇಕಾದದ್ದು ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನ ಸೌತ್‌ಫೀಲ್ಡ್ಸ್‌ನಲ್ಲಿ. ಅಲ್ಲಿಂದ ಕಾಲು ಗಂಟೆ ನಡೆದರೆ ಸಾಲಿನ ಬಾಲ ಸಿಗುತ್ತದೆ. ಹೊರಡುವ ಮೊದಲೇ ವಿಂಬಲ್ಡನ್ ಆ್ಯಪ್ ಹಾಕಿಕೊಂಡು ಖಾತೆ ತೆರೆದಿಡಿ. ಗೇಟಿನ ಹತ್ತಿರ ನಿಂತು ಪಾಸ್‌ವರ್ಡ್ ಹುಡುಕುವುದು ಬೇಡ. ಸಾಲಿಗೆ ಸೇರಿದ ತಕ್ಷಣ ಪ್ರತಿಯೊಬ್ಬರಿಗೂ ದಿನಾಂಕ ಮತ್ತು ಕ್ರಮಸಂಖ್ಯೆ ಇರುವ ಕ್ಯೂ ಕಾರ್ಡ್ ಕೊಡುತ್ತಾರೆ. ಇನ್ನು ಆ ಚೀಟಿಯೇ ನಿಮ್ಮ ಆಸ್ತಿ. ಅದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಇನ್ನೂ ಬಾರದ ಸ್ನೇಹಿತನಿಗೆ ಜಾಗ ಹಿಡಿಯುವ ಹಾಗೂ ಇಲ್ಲ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಜಾಗ ಬಿಟ್ಟರೆ ನಿಮ್ಮ ಸರದಿ ಹೋಗಬಹುದು. ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫ್ ಹಾಕುವ ನಮ್ಮ ಉಪಾಯ ಅಲ್ಲಿ ನಡೆಯುವುದಿಲ್ಲ.

ದೊಡ್ಡ ಕೋರ್ಟಿನ ಟಿಕೆಟ್ ಬೇಕಾದವರು ಹಿಂದಿನ ದಿನವೇ ಹೋಗಿ ಟೆಂಟ್ ಹಾಕಿ ಮಲಗುತ್ತಾರೆ. ಟೆಂಟ್ ಇಬ್ಬರಿಗೆ ಆಗುವಷ್ಟೇ ಇರಬೇಕು. ಗ್ಯಾಸ್ ಸ್ಟೋವ್, ಬೆಂಕಿ ಕೂಡದು. ಜುಲೈ ಆದರೂ ರಾತ್ರಿ ಚಳಿ ಇರುತ್ತದೆ, ಬೆಳಗಿನ ಹೊತ್ತಿಗೆ ಇಬ್ಬನಿ ಬಿದ್ದು ಹುಲ್ಲೆಲ್ಲ ಒದ್ದೆ. ಚಾಪೆಯ ಕೆಳಗೆ ಒಂದು ಪ್ಲಾಸ್ಟಿಕ್ ಶೀಟ್ ಇಲ್ಲದಿದ್ದರೆ ಬೆನ್ನು ನೆಂದು ನಿದ್ದೆ ಕೆಡುತ್ತದೆ. ಬೆಳಗಾಗುತ್ತಲೇ ಸಿಬ್ಬಂದಿ ಬಂದು ಎಬ್ಬಿಸುತ್ತಾರೆ. ಟೆಂಟ್ ಮಡಚಿ, ಅಲ್ಲೇ ಲಗೇಜ್ ಇಡುವ ಕಡೆ ಕೊಟ್ಟು, ಒತ್ತಾಗಿ ನಿಲ್ಲಬೇಕು. ಗೇಟು ತೆರೆಯುವುದು ಹತ್ತಕ್ಕೆ, ಹೊರಗಿನ ಕೋರ್ಟ್‌ಗಳಲ್ಲಿ ಆಟ ಶುರುವಾಗುವುದು ಹನ್ನೊಂದಕ್ಕೆ.

ವಯಸ್ಸಾದವರಿಗೆ ನನ್ನ ಸಲಹೆ ಬೇರೆ. ರಾತ್ರಿ ಮಲಗುವುದು ಬೇಡ, ಸೆಂಟರ್ ಕೋರ್ಟಿನ ಆಸೆಯೂ ಬೇಡ. ಬೆಳಗ್ಗೆ ಆರೂವರೆಯೊಳಗೆ ಹೋಗಿ ಗ್ರೌಂಡ್ಸ್ ಪಾಸ್ ತೆಗೆದುಕೊಳ್ಳಿ. ಮೊದಲ ವಾರದಲ್ಲಿ 3ರಿಂದ 18ರವರೆಗಿನ ಕೋರ್ಟ್‌ಗಳಲ್ಲಿ ಕಾಯ್ದಿರಿಸದ ಸೀಟು ಸಿಗುತ್ತದೆ, ಆಟಗಾರರ ಬೂಟು ಹುಲ್ಲಿನ ಮೇಲೆ ಜಾರುವ ಸದ್ದು ಕೇಳುವಷ್ಟು ಹತ್ತಿರ. 2010ರಲ್ಲಿ ಅಮೆರಿಕದ ಇಸ್ನರ್ ಮತ್ತು ಫ್ರಾನ್ಸಿನ ಮಹುತ್ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ 70-68ಕ್ಕೆ ಮುಗಿದದ್ದು 18ನೇ ಕೋರ್ಟಿನಲ್ಲೇ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2013, 2015, 2023ರಲ್ಲಿ ಡಬಲ್ಸ್ ಸೆಮಿಫೈನಲ್ ತಲುಪಿದ ಜಾಗ ಇದು. ಡಬಲ್ಸ್ ಪಂದ್ಯಗಳ ಬಹುಪಾಲು ನಡೆಯುವುದೂ ಈ ಸಣ್ಣ ಕೋರ್ಟ್‌ಗಳಲ್ಲೇ. ಮಧ್ಯಾಹ್ನದ ಮೇಲೆ ದೊಡ್ಡ ಕೋರ್ಟಿನಿಂದ ಬೇಗ ಎದ್ದುಹೋದವರ ಸೀಟುಗಳನ್ನು ಒಳಗೇ ಮರುಮಾರಾಟ ಮಾಡುತ್ತಾರೆ. ಬೆಲೆ ತೀರಾ ಕಡಿಮೆ, ಆ ದುಡ್ಡು ದಾನಕ್ಕೆ ಹೋಗುತ್ತದೆ. ಅದನ್ನು ಮರೆಯಬೇಡಿ.

ಊಟವನ್ನು ಮನೆಯಿಂದಲೇ ಒಯ್ಯಬಹುದು. ಚಪಾತಿ-ಚಟ್ನಿಪುಡಿ, ಪುಳಿಯೋಗರೆ ಎಲ್ಲ ಸರಿ. ಗಟ್ಟಿ ಡಬ್ಬದ ಕೂಲ್ ಬಾಕ್ಸ್ ಮಾತ್ರ ಒಳಗೆ ಬಿಡುವುದಿಲ್ಲ. ಮಳೆ ಬಂದರೆ ಛಾವಣಿ ಇರುವುದು ಸೆಂಟರ್ ಮತ್ತು 1ನೇ ಕೋರ್ಟಿಗಷ್ಟೇ. ಇನ್ನು ವೆಬ್‌ಸೈಟಿನಲ್ಲಿ ಯಾರೋ ಮಾರುವ 'ಕನ್ಫರ್ಮ್ಡ್ ಟಿಕೆಟ್'. ಕ್ಲಬ್ಬಿಗೆ ಮುಂಚೆಯೇ ದೊಡ್ಡ ಮೊತ್ತ ಕೊಟ್ಟವರಿಗೆ ಸಿಗುವ ಡಿಬೆಂಚರ್ ಟಿಕೆಟ್ ಬಿಟ್ಟು ಬೇರೆ ಯಾವುದನ್ನೂ ಇನ್ನೊಬ್ಬರಿಗೆ ಮಾರುವಂತಿಲ್ಲ. ದುಡ್ಡು ಕೊಟ್ಟು ಗೇಟಿನಿಂದ ವಾಪಸ್ ಬರಬೇಡಿ.

ಟೆನಿಸ್ ಮುಗಿದ ವಾರದಲ್ಲೇ, ಜುಲೈ 17ಕ್ಕೆ, ಪ್ರಾಮ್ಸ್ ಅನ್ನುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತೋತ್ಸವ ಶುರು; ಸೆಪ್ಟೆಂಬರ್ 12ರವರೆಗೆ. 1895ರಲ್ಲಿ ಶುರು ಮಾಡಿದಾಗಲೇ ಉದ್ದೇಶ ಸ್ಪಷ್ಟವಿತ್ತು: ಒಳ್ಳೆಯ ಸಂಗೀತ ಕಡಿಮೆ ದುಡ್ಡಿಗೆ ಎಲ್ಲರಿಗೂ ಸಿಗಬೇಕು. ಮೊದಲು ಇದು ನಡೆಯುತ್ತಿದ್ದ ಕ್ವೀನ್ಸ್ ಹಾಲ್ ಮಹಾಯುದ್ಧದ ಬಾಂಬಿಗೆ ಬಲಿಯಾದ ಮೇಲೆ 1941ರಿಂದ ಆಲ್ಬರ್ಟ್ ಹಾಲ್ ಇದರ ಮನೆ. ಸಭಾಂಗಣದ ಅತ್ಯುತ್ತಮ ಜಾಗ, ಅಂದರೆ ವೇದಿಕೆಯ ಮುಂದಿನ ಇಡೀ ನೆಲವನ್ನು, ಕುರ್ಚಿ ತೆಗೆದು ನಿಂತು ಕೇಳುವವರಿಗೆ ಬಿಟ್ಟುಕೊಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ 8 ಪೌಂಡ್. ಇದಕ್ಕಿಂತ ದೊಡ್ಡ ಔದಾರ್ಯ ಸಂಗೀತದ ಲೋಕದಲ್ಲಿ ನನಗಂತೂ ಕಂಡಿಲ್ಲ. ಆ ದಿನದ ಬೆಳಗ್ಗೆ ಆನ್‌ಲೈನಿನಲ್ಲಿ ಟಿಕೆಟ್ ಬಿಡುತ್ತಾರೆ, ಒಂಬತ್ತೂವರೆಗೆ ಸಿದ್ಧವಾಗಿರಿ.

ಎರಡು ಗಂಟೆ ನಿಲ್ಲಬೇಕು, ಮೆತ್ತನೆಯ ಬೂಟು ಹಾಕಿ. ಕಾಲು ನೋವಿರುವವರು ಮೇಲಿನ ಗ್ಯಾಲರಿ ಆರಿಸಿ. ಅಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತು ಕೇಳುವವರೇ ಹೆಚ್ಚು. ತಲೆಯೆತ್ತಿ ನೋಡಿದರೆ ಚಾವಣಿಯಿಂದ ಅಣಬೆಯಂಥ ದೊಡ್ಡ ತಟ್ಟೆಗಳು ತೂಗುತ್ತಿರುತ್ತವೆ. ಗುಮ್ಮಟಕ್ಕೆ ಬಡಿದು ಹಿಂತಿರುಗುತ್ತಿದ್ದ ಪ್ರತಿಧ್ವನಿಯನ್ನು ಒಡೆಯಲು 1969ರಲ್ಲಿ ತೂಗುಹಾಕಿದವು. ನಮ್ಮ ಕಛೇರಿಯ ಅಭ್ಯಾಸದವರಿಗೆ ಒಂದು ಮಾತು: ತೊಡೆ ತಟ್ಟಿ ತಾಳ ಹಾಕುವುದು, 'ಭೇಷ್' ಅನ್ನುವುದು ಅಲ್ಲಿ ಇಲ್ಲ. ಸಿಂಫನಿ ಅನ್ನುವ ದೀರ್ಘ ವಾದ್ಯವೃಂದ ಕೃತಿಯ ಭಾಗಗಳ ನಡುವೆ ಮೌನ ಬಂದಾಗ ಮುಗಿಯಿತು ಅಂದುಕೊಂಡು ಚಪ್ಪಾಳೆ ಹೊಡೆಯಬೇಡಿ. ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವ ನಿರ್ದೇಶಕರು ಎರಡೂ ಕೈ ಇಳಿಸಿ ಇತ್ತ ತಿರುಗುವವರೆಗೆ ಕಾಯಿರಿ.

ಆಗಸ್ಟ್ 30 ಮತ್ತು 31ಕ್ಕೆ ನಾಟಿಂಗ್ ಹಿಲ್ ಕಾರ್ನಿವಲ್, ಕೆರಿಬಿಯನ್ ಸಮುದಾಯದ ಬೀದಿ ಹಬ್ಬ. ಪೂರ್ತಿ ಉಚಿತ. 1958ರಲ್ಲಿ ಆ ಬೀದಿಗಳಲ್ಲಿ ಕೆರಿಬಿಯನ್ ವಲಸಿಗರ ಮೇಲೆ ಹಲ್ಲೆಗಳಾದವು. ಮರುವರ್ಷ ಟ್ರಿನಿಡಾಡ್ ಮೂಲದ ಹೋರಾಟಗಾರ್ತಿ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಸ್ ಟೌನ್ ಹಾಲಿನಲ್ಲಿ ಕಾರ್ನಿವಲ್ ನಡೆಸಿ ಉತ್ತರ ಕೊಟ್ಟರು. ಬೀದಿಯ ಹಬ್ಬ 1966ರದ್ದು. ಗಲಾಟೆಯ ಸುದ್ದಿ ಕೇಳಿ ನಮ್ಮವರು ಅತ್ತ ಹೋಗುವುದೇ ಇಲ್ಲ. ಹೋಗಿ, ಆದರೆ ಭಾನುವಾರ ಹೋಗಿ, ಬೆಳಗ್ಗೆಯೇ ಹೋಗಿ. ಅದು ಮಕ್ಕಳ ದಿನ. ಸ್ಟೀಲ್ ಪ್ಯಾನ್ ಅನ್ನುವ ಲೋಹದ ವಾದ್ಯ ಬಾರಿಸುವವರ ಕೈಚಳಕ ಹತ್ತಿರದಿಂದ ಕಾಣುತ್ತದೆ. ಮಗುವಿನ ತಳ್ಳುಗಾಡಿ ಬೇಡ, ಕಿವಿಗೆ ರಕ್ಷಣೆ ಬೇಕು. ಲ್ಯಾಡ್‌ಬ್ರೋಕ್ ಗ್ರೋವ್ ಸ್ಟೇಷನ್ ಆ ದಿನಗಳಲ್ಲಿ ಮುಚ್ಚಿರುತ್ತದೆ, ಪ್ಯಾಡಿಂಗ್ಟನ್ ಕಡೆಯಿಂದ ನಡೆದುಬಿಡಿ. ಮೂರು ಗಂಟೆಗೆ ಎಲ್ಲ ಸದ್ದೂ ನಿಂತರೆ ಗಾಬರಿ ಬೇಡ. 2017ರಲ್ಲಿ ಅಲ್ಲೇ ಹತ್ತಿರದ ಗ್ರೆನ್‌ಫೆಲ್ ಕಟ್ಟಡದ ಬೆಂಕಿಯಲ್ಲಿ ಸತ್ತ 72 ಜನರಿಗಾಗಿ 72 ಸೆಕೆಂಡಿನ ಮೌನ ಅದು. ನೀವೂ ನಿಲ್ಲಿ.

ಕ್ರಿಕೆಟ್ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ. ಆದರೂ ಜುಲೈ 10ರಿಂದ ಲಾರ್ಡ್ಸ್‌ನಲ್ಲಿ ನಡೆಯುವ ಭಾರತ-ಇಂಗ್ಲೆಂಡ್ ಮಹಿಳಾ ಟೆಸ್ಟ್ ಗುರುತು ಹಾಕಿಕೊಳ್ಳಿ. ಆ ಮೈದಾನದಲ್ಲಿ ಮಹಿಳೆಯರು ಆಡುವ ಮೊಟ್ಟಮೊದಲ ಟೆಸ್ಟ್ ಅದು. ಪಂದ್ಯ ಇಲ್ಲದ ದಿನ ಲಾರ್ಡ್ಸ್ ಟೂರ್ ತೆಗೆದುಕೊಂಡರೆ ಪ್ರವಾಸಿ ತಂಡದ ಡ್ರೆಸ್ಸಿಂಗ್ ರೂಮಿನವರೆಗೂ ಹೋಗಬಹುದು. ಅಲ್ಲಿ ಟೆಸ್ಟ್ ಶತಕ ಹೊಡೆದವರ ಹೆಸರಿನ ಫಲಕದಲ್ಲಿ ನಮ್ಮ ಕರ್ನಾಟಕದವರನ್ನು ಹುಡುಕಿ: 1979ರಲ್ಲಿ ವಿಶ್ವನಾಥ್ 113, 2011ರಲ್ಲಿ ದ್ರಾವಿಡ್ ಔಟಾಗದೆ 103, 2021ರಲ್ಲಿ ರಾಹುಲ್ 129, 2025ರಲ್ಲಿ ಮತ್ತೆ ರಾಹುಲ್, ಸರಿಯಾಗಿ 100.